ಭರಮಸಾಗರ, ಭರಮಸಾಗರ

ಜನವರಿ ಕೊನೆಯಲ್ಲಿ ಮಗಳ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಸಹಿಗೆ ಅಂತ ಮನೆಗೆ ಬಂದವು. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಒಂದು ಕಡೆ ಬರೀ ಪ್ರಶ್ನೆಯ ಸಂಖ್ಯೆ ಹಾಕಿ, ಕೆಳಗೆ ಐದಾರು ಗೆರೆ ಖಾಲಿ ಬಿಟ್ಟಿದ್ದಳು. ಆಮೇಲೆ ನೆನಪಾದರೆ ಬರೆಯೋಣ ಅಂತ ಬಿಟ್ಟ ಜಾಗ. ನೆನಪಾಗಿರಲಿಲ್ಲ. ಪ್ರಶ್ನೆ ಪತ್ರಿಕೆ ತೆಗೆದು ನೋಡಿದೆ. ಕಪ್ಪು ಮಣ್ಣಿನ ಲಕ್ಷಣಗಳನ್ನು ಕೇಳಿದ್ದರು.

ನನಗೆ ಬೈಯಲೂ ಬಾಯಿ ಬರಲಿಲ್ಲ. ನಮ್ಮಪ್ಪನ ಹೊಲ ಇರುವುದು ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರ. ಅದು ಎರೆ ಹೊಲ. ಈ ಹುಡುಗಿ ಆರು ವರ್ಷದವಳಿದ್ದಾಗ ಮಳೆ ಬಂದ ಮಾರನೇ ದಿನ ಆ ಹೊಲಕ್ಕೆ ಇಳಿದು, ಎರಡೂ ಚಪ್ಪಲಿ ಮಣ್ಣಲ್ಲಿ ಕಚ್ಚಿಕೊಂಡು, ಅಳುತ್ತಾ ನಿಂತಿದ್ದಳು. ಬೇಸಿಗೆಯಲ್ಲಿ ಅದೇ ಹೊಲದ ಬಿರುಕಿಗೆ ಅಜ್ಜನ ಕೋಲು ಇಳಿಸಿ ಎಷ್ಟು ಆಳ ಅಂತ ಅಳೆದಿದ್ದಳು. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನೆನೆದರೆ ಉಬ್ಬಿ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ, ಹತ್ತಿಗೆ ಹೇಳಿ ಮಾಡಿಸಿದ್ದು. ಉತ್ತರ ಪೂರ್ತಿ ಅವಳ ಕಾಲಿಗೆ ಗೊತ್ತಿತ್ತು.

"ಎರೆ ಹೊಲ ಅಂದ್ರೆ ಏನು ಅಂತ ಕೇಳಿದ್ರೆ ಬರೀತಿದ್ದೆ ಅಲ್ವಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರೆ ಅಂದ್ರೆ ಕಪ್ಪು ಮಣ್ಣಾ ಅಮ್ಮ?" ಅಂತ ಕೇಳಿದಳು. ಆಮೇಲೆ, "ಆ ಪಾಠ ನಾಲ್ಕು ಸಲ ಓದಿದ್ದೆ" ಅಂದಳು.

ಸುಳ್ಳು ಹೇಳಿರಲಿಲ್ಲ. ಪುಸ್ತಕ ತೆಗೆದರೆ ಆ ಪುಟ ಪೂರ್ತಿ ಹಳದಿ. ಹೈಲೈಟರ್ ಹಚ್ಚದ ಸಾಲೇ ಇರಲಿಲ್ಲ.

ಅವತ್ತು ರಾತ್ರಿ ನನ್ನದೇ ಎಸ್ಸೆಸ್ಸೆಲ್ಸಿ ನೆನಪಾಯಿತು. ನಾನು ಹೋಗುತ್ತಿದ್ದ ಟ್ಯೂಷನ್ನಿನಲ್ಲಿ ಉತ್ತರ ಬರೆಸುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು. ನೇರ ತೆರಿಗೆಗೂ ಪರೋಕ್ಷ ತೆರಿಗೆಗೂ ಇರುವ ವ್ಯತ್ಯಾಸ ನನಗೆ ಒಂದಕ್ಷರ ಬಿಡದೆ ಬರುತ್ತಿತ್ತು. ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಬೇರೆ ಥರ ಇತ್ತು. ಸೋಪು ಕೊಳ್ಳುವವನು ಕಟ್ಟುವ ತೆರಿಗೆ ಯಾವುದು, ಯಾಕೆ ಅಂತ. ಪೆನ್ನು ಹಿಡಿದು ಕೂತೇ ಇದ್ದೆ. ಸೋಪು ಅನ್ನುವ ಪದ ನಾನು ಕಲಿತ ಉತ್ತರದಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ವರ್ಷ ಕಳೆದರೂ ಆ ಕೂತ ಹೊತ್ತು ಮರೆತಿಲ್ಲ. ಮಗಳ ಆ ಖಾಲಿ ಗೆರೆಗಳಲ್ಲಿ ನನಗೆ ಕಂಡದ್ದು ಅದೇ.

ಮತ್ತೆ ಮತ್ತೆ ಓದುವುದರಲ್ಲಿ ಒಂದು ಮೋಸ ಇದೆ. ಎರಡನೇ ಸಲ ಓದುವಾಗ ಸಾಲುಗಳು ಪರಿಚಯದವರ ಹಾಗೆ ಕಾಣುತ್ತವೆ. ಮೂರನೇ ಸಲ ಇನ್ನೂ ಸಲೀಸು. ಇದೆಲ್ಲ ಬರುತ್ತೆ ಅಂತ ಮನಸ್ಸು ಹೇಳುತ್ತದೆ. ದಿನಾ ಒಂದೇ ಬಸ್ಸಿನಲ್ಲಿ ಬರುವವರ ಮುಖ ನಮಗೆ ಗೊತ್ತಿರುತ್ತದೆ. ಅವರ ಹೆಸರು ಹೇಳಿ ಅಂದರೆ ಬಾಯಿ ಕಟ್ಟುತ್ತದೆ. ಪುಸ್ತಕದ ಪರಿಚಯವೂ ಅಷ್ಟೇ. ಪರೀಕ್ಷೆ ಕೇಳುವುದು ಹೆಸರನ್ನು.

ಮರೆವಿನ ಬಗ್ಗೆ ಲೆಕ್ಕ ಇಟ್ಟು ನೋಡಿದವರಲ್ಲಿ ಮೊದಲಿಗರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾವೇ ಕಲಿತು, ತಾವೇ ಮರೆತು, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆದಿಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಅಂತ ಗೊತ್ತಾಯಿತು. ನನಗೆ ಇದಕ್ಕಿಂತ ಉಪಯೋಗವಾಗಿದ್ದು 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗ. ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಒಂದು ಸಲ ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೊಟ್ಟಾಗ ಮುಚ್ಚಿ ಬರೆದವರು ಮುಂದೆ ಹೋಗಿದ್ದರು. ನಮ್ಮ ಮಕ್ಕಳು ಮಾಡುವುದು ಆ ಐದು ನಿಮಿಷದ ಓದು.

ಹಾಗಾಗಿ ನಮ್ಮ ಮನೆಯಲ್ಲಿ ಒಂದೇ ಒಂದು ನಿಯಮ ಮಾಡಿದೆವು. ಪಾಠ ಒಂದು ಸಲ ಓದು, ಪುಸ್ತಕ ಮುಚ್ಚು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನೆನಪಿದ್ದದ್ದನ್ನು ಬರಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ತುಂಬು. ಮೂರು ದಿನ ಬಿಟ್ಟು ಮತ್ತೆ. ಮೊದಲ ವಾರ ಅವಳಿಗೆ ಅಳುವೇ ಬಂತು, ಯಾಕಂದರೆ ಹಾಳೆಯಲ್ಲಿ ನೀಲಿಗಿಂತ ಕೆಂಪೇ ಜಾಸ್ತಿ. ಓದುವಾಗ ಸಿಗುತ್ತಿದ್ದ ಧೈರ್ಯ ಬರೆಯುವಾಗ ಸಿಗುವುದಿಲ್ಲ. ಎಷ್ಟೋ ಮಕ್ಕಳು ಇದನ್ನು ಮಾಡದೆ ಇರುವುದಕ್ಕೆ ಕಾರಣ ಸೋಮಾರಿತನ ಅಲ್ಲ, ಈ ಭಯ ಅಂತ ನನಗೆ ಅನ್ನಿಸುತ್ತದೆ. ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ಫೆಬ್ರವರಿ ಪೂರ್ತಿ ನಾನು ಕೂತೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದಿದ್ದ ಅಪ್ಪನೂ ಕೂತರು.

ಕನ್ನಡದಲ್ಲಿ ಅವಳಿಗೆ ಕಷ್ಟವಾಗುತ್ತಿದ್ದುದು ಛಂದಸ್ಸು. ಭಾಮಿನಿ ಷಟ್ಪದಿಯ ಲಕ್ಷಣ ಬಾಯಲ್ಲಿ ಹೇಳುತ್ತಿದ್ದಳು. ಆರು ಸಾಲು, 1, 2, 4, 5ನೇ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ಗಣಗಳು, 3 ಮತ್ತು 6ನೇ ಸಾಲುಗಳಲ್ಲಿ ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು. ಆದರೆ ಪದ್ಯ ಕೊಟ್ಟು, ಲಘುವಿಗೆ ಒಂದು ಗುರುವಿಗೆ ಎರಡು ಮಾತ್ರೆ ಎಣಿಸಿ ಪ್ರಸ್ತಾರ ಹಾಕು ಅಂದರೆ ಗಣ ಎಲ್ಲೋ ಒಡೆಯುತ್ತಿದ್ದಳು. ಲೆಕ್ಕ ತಲೆಯಲ್ಲಿತ್ತು, ಕಿವಿಗೆ ಬಂದಿರಲಿಲ್ಲ.

ಒಂದು ಭಾನುವಾರ ಊರಿಗೆ ಹೋಗಲು ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಖಾಸಗಿ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಹುಡುಗ ಬಡಬಡ ಕೂಗುತ್ತಿದ್ದ, "ಭರಮಸಾಗರ ಭರಮಸಾಗರ, ಭರಮಸಾಗರ ಭರಮಸಾಗರ." ಮಗಳು ಬಸ್ ಹತ್ತದೆ ಹಾಗೇ ನಿಂತಳು. ಬ್ಯಾಗಿನ ಮೇಲೆ ಬೆರಳು ತಟ್ಟಿದಳು. ಭ, ರ, ಮ, ಮೂರೂ ಲಘು, ಮೂರು ಮಾತ್ರೆ. ಸಾ ಗುರು, ಗ ಲಘು, ರ ಲಘು, ನಾಲ್ಕು ಮಾತ್ರೆ. ಎರಡು ಸಲ ಕೂಗಿದರೆ ಮೂರು ನಾಲ್ಕು ಮೂರು ನಾಲ್ಕು.

"ಅಮ್ಮ, ಇವನು ಭಾಮಿನಿಯಲ್ಲಿ ಕರೀತಿದ್ದಾನೆ!"

ನಾನೂ ಎಣಿಸಿದೆ. ನಿಜ. ಬಸ್ಸಿನಲ್ಲಿ ಕೂತ ಮೇಲೆ ಅವಳೇ ಮೂರನೇ ಸಾಲು ಹೊಂದಿಸಿದಳು, "ಭರಮಸಾಗರ ಭರಮಸಾಗರ ಭರಮಸಾಗರ ಬಾ." ಕೊನೆಯ "ಬಾ" ಗುರು. 23 ಮಾತ್ರೆ ಸರಿಯಾಗಿ ಕೂತಿತು. ಎಲ್ಲ ಸಾಲಿನ ಎರಡನೇ ಅಕ್ಷರವೂ ರ, ಹಾಗಾಗಿ ಆದಿಪ್ರಾಸವೂ ಬಂದಂತಾಯಿತು. ಕುಮಾರವ್ಯಾಸ ತನ್ನ ಭಾರತವನ್ನು ಪೂರ್ತಿ ಕಟ್ಟಿದ ನಡೆ ಇದು. ಅದು ನಮ್ಮೂರಿನ ಹೆಸರಲ್ಲೇ ಇದೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಆಮೇಲೆ ದಾರಿ ಪೂರ್ತಿ ಊರಿನ ಹೆಸರುಗಳೇ. ದಾವಣಗೆರೆ, ಆರು ಮಾತ್ರೆ. ಚಿತ್ರದುರ್ಗ, ಅದೂ ಆರು, ಒತ್ತಕ್ಷರದ ಹಿಂದಿನ ಚಿ ಮತ್ತು ದು ಎರಡೂ ಗುರು. ಎರಡೂ ಮೂರು ಮೂರಾಗಿ ಒಡೆಯುತ್ತವೆ. ಲಕ್ಷ್ಮೀಶ ಬಳಸಿದ ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಯ ಗಣಗಳು, ಚಿಕ್ಕ ಸಾಲಿಗೆ ನಾಲ್ಕು ಗಣ. ಅದಕ್ಕೆ ಅವಳು ಚಿತ್ರದುರ್ಗ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಹುಡುಕಿ ತಂದಳು. "ಹಿರಿಯೂರು ಚಳ್ಳಕೆರೆ ಹೊಳಲ್ಕೆರೆ ಹೊಸದುರ್ಗ." ಐದು, ಐದು, ಐದು, ಐದು. ಹೇಳಿ ನೋಡಿ, ನಾಲಿಗೆಗೇ ಗೊತ್ತಾಗುತ್ತದೆ. ಮೊಳಕಾಲ್ಮೂರು ಮಾತ್ರ ಏಳು ಮಾತ್ರೆ, ಯಾವ ಸಾಲಿಗೂ ಹೊಂದಲಿಲ್ಲ ಅಂತ ಅವಳಿಗೆ ಬೇಜಾರು. ಅವತ್ತಿನಿಂದ ಪ್ರಸ್ತಾರ ತಪ್ಪಿಲ್ಲ.

ಬಾಯಿಪಾಠವೇ ಬೇಡ ಅಂತ ನಾನು ಹೇಳುವವಳಲ್ಲ. ಮಗ್ಗಿ ಬಾಯಿಗೆ ಬರಬೇಕು. "ಯಮಾತಾರಾಜಭಾನಸಲಗಂ" ಬರಬೇಕು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ತೆಗೆದುಕೊಂಡರೆ ಗುರು ಲಘು ಕೈಗೆ ಸಿಗುತ್ತವೆ. ಯಮಾತಾ ಅಂದರೆ ಲಘು ಗುರು ಗುರು, ಅದು ಯಗಣ. ಹತ್ತು ಅಕ್ಷರದಲ್ಲಿ ಎಂಟೂ ಗಣ ಹಿಡಿಸಿದ ಆ ಜಾಣ ಯಾರೋ, ಅವರಿಗೆ ಕೈ ಮುಗಿಯಬೇಕು. ಬಾಯಿಪಾಠ ಮಾಡಿದ್ದು ಬೀಗದ ಕೈ ಇದ್ದ ಹಾಗೆ, ಯಾವ ಬಾಗಿಲಿಗೆ ಅಂತ ಗೊತ್ತಿರಬೇಕು ಅಷ್ಟೇ.

ಭೂಗೋಳವನ್ನು ಅದೇ ಬಸ್ಸಿನ ಕಿಟಕಿಯಲ್ಲಿ ನೋಡಿದೆವು. ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡದ ಸಾಲಿನ ಮೇಲೆ ಗಾಳಿ ಯಂತ್ರಗಳು ಕಾಣುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಚಳ್ಳಕೆರೆ ಕಡೆ 500ರ ಆಸುಪಾಸು. ಕಡಲಿನಿಂದ ಬಂದ ತೇವದ ಗಾಳಿ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಮಳೆ ಸುರಿಸಿ, ಈ ಕಡೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಮಳೆ ನೆರಳು ಅನ್ನುವುದು ಇದನ್ನೇ. "ಮಳೆ ಅವರಿಗೆ, ಬರೀ ಗಾಳಿ ನಮಗೆ" ಅಂದಳು ಮಗಳು. ಆ ಗಾಳಿಯಿಂದಲೇ ಈಗ ಕರೆಂಟು. ಮಳೆಗಾಲದ ಪಾಠ, ಶಕ್ತಿಯ ಆಕರಗಳ ಪಾಠ, ಎರಡೂ ಒಂದೇ ಗುಡ್ಡದ ಮೇಲೆ ನಿಂತಿವೆ.

ಇಂಥ ಒಣ ಸೀಮೆಯಲ್ಲೇ ವೇದಾವತಿಗೆ ಅಡ್ಡವಾಗಿ ವಾಣಿ ವಿಲಾಸ ಸಾಗರ ಕಟ್ಟಿದರು, ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಕೆಲಸ ಮುಗಿಯಿತು. 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅಪ್ಪ ಆ ನೀರು ನೋಡಲೆಂದೇ ಹಿರಿಯೂರಿಗೆ ಹೋಗಿ ಬಂದಿದ್ದರು. "ನಮ್ಮಪ್ಪ ಹೇಳಿದ್ದನ್ನ ನಾನು ಕಣ್ಣಾರೆ ಕಂಡೆ" ಅಂತ ಈಗಲೂ ಹೇಳುತ್ತಾರೆ. ಈ ಇಸವಿಗಳನ್ನು ಮಗಳು ಹಾಳೆಯಲ್ಲಿ ಒಂದು ಸಲವೂ ತಪ್ಪಿಲ್ಲ, ಕೇಳಿದ್ದು ಅಜ್ಜನ ಬಾಯಲ್ಲಿ ಅಲ್ವಾ.

ಅರ್ಥಶಾಸ್ತ್ರ ಮಾತ್ರ ಅವಳಿಗೆ ಯಾವತ್ತೂ ಸಪ್ಪೆ. ಬೇಡಿಕೆ, ಪೂರೈಕೆ, ಬೆಂಬಲ ಬೆಲೆ, ಎಲ್ಲ ಬರೀ ಪದಗಳು. ಅಪ್ಪ ತಮ್ಮ ಚೀಲದಿಂದ ನವೆಂಬರ್‌ನಲ್ಲಿ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ಚೀಟಿ ತೆಗೆದು ಅವಳ ಮುಂದಿಟ್ಟರು.

"ಆವಕ ಜಾಸ್ತಿ ಆತು ಅಂದ್ರೆ ದರ ಬಿತ್ತು ಅಂತ್ಲೇ ಲೆಕ್ಕ ಕಣವ್ವ. ಎಲ್ಲಾರ್ದೂ ಒಂದೇ ಸಲ ಕಟಾವಿಗೆ ಬರ್ತೈತಿ. ಇಟ್ಕೊಳ್ಳಾಕೆ ಜಾಗ ಇದ್ದೋನು ಕಾಯ್ತಾನ, ಸಾಲ ಇದ್ದೋನು ಮಾರ್ತಾನ."

ಪೂರೈಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಓದಿಲ್ಲ. ಮಗಳು ಹಾಳೆಯಲ್ಲಿ "ಪೂರೈಕೆ" ಅಂತ ಬರೆದು ಪಕ್ಕದಲ್ಲಿ "ಆವಕ" ಅಂತ ಬರೆದುಕೊಂಡಳು. ಕಪ್ಪು ಮಣ್ಣಿನ ಪಕ್ಕ ಎರೆ ಬರೆದುಕೊಂಡ ಹಾಗೆ.

ಚೀಟಿಯಲ್ಲಿ ತೇವಾಂಶ ಶೇ. 20 ಅಂತ ಇತ್ತು. ಬೆಂಬಲ ಬೆಲೆಗೆ ಕೊಳ್ಳಬೇಕಾದರೆ ಶೇ. 14 ದಾಟಬಾರದು. ಒಣಗಿಸಿದರೆ ಕ್ವಿಂಟಲ್‌ಗೆ ಎಷ್ಟು ತೂಕ ಹೋಗುತ್ತೆ ಅಂತ ಅಪ್ಪ ಕೇಳಿದರು. ಇಪ್ಪತ್ತರಲ್ಲಿ ಹದಿನಾಲ್ಕು ಕಳೆದು "ಆರು ಕೆಜಿ ಅಜ್ಜ" ಅಂದಳು. "ಏಳು ಹೋಗ್ತೈತಿ" ಅಂದರು ಅಪ್ಪ. "ಪ್ರತಿ ಸಲ ಏಳು. ಆ ಒಂದು ಕೆಜಿ ಎಲ್ಲಿ ಹೋತು ಅಂತ ತಕ್ಕಡಿ ಮೇಲೇ ಅನುಮಾನ ನಂಗೆ."

ಮಗಳು ಅರ್ಧ ಗಂಟೆ ಕೂತಳು. ನಾನು ಬಾಯಿ ಬಿಡಲಿಲ್ಲ. 100 ಕೆಜಿಯಲ್ಲಿ ನೀರು 20, ಒಣ ಕಾಳು 80. ಎಷ್ಟು ಒಣಗಿಸಿದರೂ ಆ 80 ಬದಲಾಗುವುದಿಲ್ಲ, ಹೋಗುವುದು ನೀರು ಮಾತ್ರ. ತೇವಾಂಶ 14ಕ್ಕೆ ಬಂದಾಗ ಆ 80 ಕೆಜಿ ಒಟ್ಟು ತೂಕದ ಶೇ. 86 ಆಗಿರಬೇಕು. 80ನ್ನು 0.86ರಿಂದ ಭಾಗಿಸಿದರೆ 93. ಅಂದರೆ ಏಳು ಕೆಜಿ. "ಅಜ್ಜ, ತಕ್ಕಡಿ ಸರಿ ಐತಿ! ನಾವು ಕಳೆದಿದ್ದು ತಪ್ಪು. ಒಣಗಿದ ಮೇಲೆ ನೂರು ಕೆಜಿನೇ ಇರಲ್ಲ, ಅದಕ್ಕೆ ಆರು ಕಳೆಯೋಕೆ ಬರಲ್ಲ." ಅಪ್ಪ ಅವಳ ಕೈಯಿಂದ ಹಾಳೆ ಇಸಿದುಕೊಂಡು, ಮಡಚಿ, ಚೀಟಿಯ ಜೊತೆ ಚೀಲದಲ್ಲಿ ಇಟ್ಟುಕೊಂಡರು.

ಇನ್ನು ಮಂಡಕ್ಕಿ. ದಾವಣಗೆರೆಯವರ ಬರಹದಲ್ಲಿ ಮಂಡಕ್ಕಿ ಬರದೆ ಇರುತ್ತದೆಯೇ? ಸಂಜೆ ಓದು ಮುಗಿದ ಮೇಲೆ ನರ್ಗೀಸ್ ಮಂಡಕ್ಕಿ ಜೊತೆ ಮಿರ್ಚಿ ನಮ್ಮ ಮನೆಯ ಪದ್ಧತಿ. ಒಂದು ಸಂಜೆ ತಿನ್ನುತ್ತಲೇ ಕೇಳಿದೆ, ಇದು ಉಬ್ಬುವುದು ಹೇಗೆ? ಅವಳ ಗೆಳತಿಯ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ನೋಡಿದ್ದನ್ನು ಹೇಳುತ್ತಾ ಹೋದಳು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪು ನೀರು ಹಿಡಿಸುತ್ತಾರೆ. ಆಮೇಲೆ ಕೆಂಡದಂತೆ ಕಾದ ಮರಳಿಗೆ ಹಾಕುತ್ತಾರೆ. ಹಾಕಿದ ಕೆಲವೇ ಕ್ಷಣದಲ್ಲಿ ಬೆಳ್ಳಗೆ ಅರಳುತ್ತದೆ. ಮರಳು ಯಾಕೆ? ಬಾಣಲೆಯ ತಳ ಕಾಳಿನ ಒಂದೇ ಕಡೆ ತಾಗುತ್ತದೆ, ಮರಳು ಸುತ್ತಲೂ ತಾಗುತ್ತದೆ. ನಿಧಾನಕ್ಕೆ ಕಾದರೆ ಒಳಗಿನ ನೀರು ಆರಿಹೋಗುತ್ತದೆ. ದಿಢೀರ್ ಅಂತ ಕಾದರೆ ಅದೇ ನೀರು ಆವಿಯಾಗಿ ಬೆಂದ ಕಾಳನ್ನು ಒಳಗಿನಿಂದ ಉಬ್ಬಿಸುತ್ತದೆ. ನೀರು ಕುದಿದು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಕು. ಕಾಳಿನೊಳಗಿನ ಒಂದು ಹನಿಯ ಚೂರು ಸಾಕು.

"ಹಂಗಾದ್ರೆ ಅಜ್ಜನ ಮೆಕ್ಕೆಜೋಳ ಯಾಕೆ ಪಾಪ್‌ಕಾರ್ನ್ ಆಗಲ್ಲ?" ಅಂತ ಅವಳದೇ ಪ್ರಶ್ನೆ. ಪಾಪ್‌ಕಾರ್ನ್ ಬೇರೆ ತಳಿ. ಅದರ ಸಿಪ್ಪೆ ಗಟ್ಟಿ, ಒಳಗಿನ ಆವಿಯನ್ನು ಒಡೆಯುವ ತನಕ ಹಿಡಿದಿಡುತ್ತದೆ. ನಮ್ಮ ಕಡೆ ಕೋಳಿ ಆಹಾರಕ್ಕೆ ಹೋಗುವ ಜೋಳದ ಸಿಪ್ಪೆ ಅಷ್ಟು ತಡೆಯುವುದಿಲ್ಲ. ಆ ಭತ್ತ ಎಲ್ಲಿಂದ ಬಂತು ಅಂತ ಕೇಳಿದರೆ ಭದ್ರಾ ನಾಲೆ ಬರುತ್ತದೆ, ನಾಲೆಯ ಕೊನೇ ಭಾಗದ ರೈತರಿಗೆ ನೀರು ತಲುಪದ ಕಷ್ಟ ಬರುತ್ತದೆ, ಭಟ್ಟಿಯಲ್ಲಿ ದಿನಗೂಲಿಗೆ ದುಡಿಯುವವರು ಬರುತ್ತಾರೆ. ಒಂದು ಹಿಡಿ ಮಂಡಕ್ಕಿಯಲ್ಲಿ ಎಷ್ಟು ಪುಸ್ತಕ! ಶಾಲೆಯ ವೇಳಾಪಟ್ಟಿಗೆ ಗೋಡೆಗಳು ಬೇಕು, ಒಪ್ಪುತ್ತೇನೆ. ಮನೆಯಲ್ಲಿ ಓದಿಸುವಾಗ ನಮಗೆ ಆ ಗೋಡೆಗಳು ಬೇಕಾಗಿಲ್ಲ.

ಪರೀಕ್ಷೆಗೆ ಇನ್ನು ಹತ್ತು ದಿನ ಇದೆ. ಕೆಂಪು ಪೂರ್ತಿ ಹೋಗಿಲ್ಲ. ವಿದ್ಯುತ್ತಿನ ಲೆಕ್ಕಗಳಲ್ಲಿ ಇನ್ನೂ ಎಡವುತ್ತಾಳೆ. ಸಮಾಂತರ ಜೋಡಣೆಯ ಒಟ್ಟು ರೋಧ ಬರೆಯುವಾಗ ಕೊನೆಯಲ್ಲಿ ಭಿನ್ನರಾಶಿಯನ್ನು ತಿರುಗಿಸುವುದನ್ನು ಮರೆಯುತ್ತಾಳೆ. ಅದಕ್ಕೆ ನಮ್ಮೂರಲ್ಲಿ ನನಗೆ ಯಾವ ಮಂಡಕ್ಕಿಯೂ ಸಿಕ್ಕಿಲ್ಲ, ಸುಮ್ನೆ ಲೆಕ್ಕ ಮಾಡುತ್ತಾ ಹೋಗುವುದೇ.

ನಿನ್ನೆ ಅಪ್ಪನ ಹೊಸ ಕನ್ನಡಕ ಬಂತು, ಓದಲಿಕ್ಕೆ. ಚೀಟಿಯಲ್ಲಿ +2.50 ಅಂತ ಇತ್ತು. ಮಗಳು ನೋಡಿ, "ಪೀನ ಮಸೂರ, 2.5 ಡಯಾಪ್ಟರ್. ಒಂದನ್ನು ಎರಡೂವರೆಯಿಂದ ಭಾಗಿಸಿದ್ರೆ 0.4 ಮೀಟರ್, ನಾಭಿದೂರ 40 ಸೆಂಟಿಮೀಟರ್" ಅಂದಳು. "ಹೌದಾ, ತೋರಿಸು" ಅಂದರು ಅಪ್ಪ.

ನಡುಮನೆಯ ಲೈಟ್ ಆರಿಸಿದಳು. ಕಿಟಕಿಯ ಎದುರಿನ ಗೋಡೆಯ ಹತ್ತಿರ ಕನ್ನಡಕ ಹಿಡಿದು ಹಿಂದೆ ಮುಂದೆ ಮಾಡಿದಳು. ಕಿಟಕಿಯ ಸರಳುಗಳು ಗೋಡೆಯ ಮೇಲೆ ಚಿಕ್ಕದಾಗಿ ಮೂಡಿದವು. ನಾನು ಸ್ಕೇಲ್ ಹಿಡಿದೆ. 47 ಬಂತು. ಅವಳ ಮುಖ ಸಣ್ಣಗಾಯಿತು. ಸ್ವಲ್ಪ ಯೋಚಿಸಿ, "ಕಿಟಕಿ ಹತ್ತಿರ ಇದೆ ಅಮ್ಮ. ದೂರದ್ದು ಬೇಕು, ದೂರದಿಂದ ಬಂದ ಕಿರಣ ಮಾತ್ರ ನಾಭಿಯಲ್ಲಿ ಸೇರೋದು" ಅಂತ ಕನ್ನಡಕವನ್ನು ಗೋಡೆಗೆ ಇನ್ನೂ ಹತ್ತಿರ ತಂದಳು. ಸರಳುಗಳು ಮಸುಕಾದವು. ಅವುಗಳ ಹಿಂದೆ, ಬೀದಿಯ ಆಚೆಗಿನ ಬೇವಿನ ಮರ ಸ್ಪಷ್ಟವಾಗಿ ಬಂತು, ಹೆಬ್ಬೆರಳಿಗಿಂತ ಚಿಕ್ಕದಾಗಿ, ತಲೆಕೆಳಗಾಗಿ, ಗಾಳಿಗೆ ಅಲ್ಲಾಡುತ್ತಾ. ಸ್ಕೇಲಿನಲ್ಲಿ 40ಕ್ಕೆ ಒಂದು ಕೂದಲೆಳೆ ಮೇಲೆ.

ಅಪ್ಪ ಎದ್ದು ಗೋಡೆಯ ಹತ್ತಿರ ಹೋಗಿ ನಿಂತರು. ಕನ್ನಡಕ ಅವಳ ಕೈಯಲ್ಲೇ ಇತ್ತು, ಹಾಗಾಗಿ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. "ಎಲೆ ಅಲ್ಲಾಡ್ತಾವಲ್ಲವ್ವ" ಅಂದರು.